ಕಳಚಿಡುವ ಕಿಟಕಿ

ಮಳೆಗಾಲದ ಸಂಜೆ ಮುಲುಂಡ್ ನಿಲ್ದಾಣದ ಹೊರಗೆ ಆಟೋರಿಕ್ಷಾ ಹತ್ತಿದ ಯಾರಿಗೂ ನಾನು ಹೇಳಹೊರಟಿರುವ ವಸ್ತು ಅಪರಿಚಿತವಲ್ಲ. ಚಾಲಕ ಹಿಂದಕ್ಕೆ ತಿರುಗಿ "ಪರದಾ ಗಿರಾ ದೋ, ಸಾಬ್" ಎನ್ನುತ್ತಾನೆ. ನಾವು ಮೇಲೆ ಸುತ್ತಿ ಕಟ್ಟಿದ ರೆಕ್ಸಿನ್ ಪರದೆಯನ್ನು ಬಿಚ್ಚಿ ಕೆಳಗಿಳಿಸುತ್ತೇವೆ. ಅದರ ನಡುವೆ ಹೊಲಿದ ಪ್ಲಾಸ್ಟಿಕ್ ತುಂಡು ಎರಡು ಮಳೆಗಾಲ ಕಂಡು ಹಳದಿಗಟ್ಟಿರುತ್ತದೆ. ಅದರೊಳಗಿಂದ ನೋಡಿದರೆ ಊರೆಲ್ಲ ಗಂಜಿನೀರಿನಲ್ಲಿ ಅದ್ದಿದಂತೆ ಕಾಣುತ್ತದೆ. ಮನೆ ಬಂತೋ ಇಲ್ಲವೋ ತಿಳಿಯಲು ಪರದೆ ಸರಿಸಿ ತಲೆ ಹೊರಗೆ ಹಾಕಬೇಕು. ಅಲ್ಲಿಯವರೆಗೆ ಕಾಪಾಡಿಕೊಂಡು ಬಂದ ತಲೆಯೂ ಆಗ ತೋಯುತ್ತದೆ.

ಈ ಪರದೆಗೆ ನೂರು ವರ್ಷಕ್ಕೂ ಮೀರಿದ ವಂಶಾವಳಿ ಇದೆಯೆಂದು ನನಗೆ ಗೊತ್ತಾದದ್ದು ನನ್ನ ಅಕ್ಕನ ಮಗನಿಂದ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿಕೊಂಡ ಹುಡುಗ. ಒಂದು ಶೆಡ್ಡಿನಲ್ಲಿ ಎರಡು ವರ್ಷದಿಂದ ತನ್ನ ಕೈಯಾರೆ ಒಂದು ಕಾರು ಕಟ್ಟುತ್ತಿದ್ದಾನೆ. ಇಬ್ಬರು ಕೂರುವ, ಛಾವಣಿಯಿಲ್ಲದ, ತಗ್ಗಾದ ಕಾರು. ರೋಡ್‌ಸ್ಟರ್ ಎಂದು ಅದಕ್ಕೆ ಹೆಸರು. ಒಂದು ದಿನ ಫೋನು ಮಾಡಿ, "ಮಾಮಾ, ಮ್ಯಾಲೆ ಟಾರ್ಪಾಲ್ ಹಾಕೇನಿ. ಬಾಜೂಕ ಏನ್ ಹಾಕ್ಲಿ? ಮಳಿ ಬಂದ್ರ ಎಲ್ಲಾ ಒಳಗ ಬರ್ತದ" ಎಂದ. ಕಾಗದಪತ್ರದ ವಿಷಯಕ್ಕಷ್ಟೇ ನನ್ನನ್ನು ಕೇಳುವ ಹುಡುಗ ಕಿಟಕಿಯ ವಿಷಯಕ್ಕೆ ಕೇಳಿದನಲ್ಲ ಎಂಬ ಸಂತೋಷಕ್ಕೆ ಹುಡುಕಲು ಕೂತೆ.

ಮೊದಮೊದಲು ಮೋಟಾರು ಬಂಡಿಗಳೆಲ್ಲ ತೆರೆದವೇ. ಕುದುರೆ ಸಾರೋಟಿನಿಂದ ಕುದುರೆಯನ್ನು ಬಿಚ್ಚಿ ಎಂಜಿನ್ ಕೂರಿಸಿದ ಹಾಗೆ ಇದ್ದ ಆ ಬಂಡಿಗಳಿಗೆ ಮಳೆಯ ಏರ್ಪಾಡೂ ಸಾರೋಟಿನದೇ ಬಂತು: ಮೇಲೆ ಮಡಚುವ ಬಟ್ಟೆ, ಪಕ್ಕಕ್ಕೆ ಗುಂಡಿ ಹಾಕುವ ಪರದೆ. ಪರದೆಯ ನಡುವೆ ಬೆಳಕಿಗಾಗಿ ಒಂದು ಕಂಡಿ. ಆ ಕಂಡಿಗೆ ಮೊದಲು ಕೂರಿಸುತ್ತಿದ್ದದ್ದು ಅಭ್ರಕದ ತೆಳು ಹಾಳೆ, ನಮ್ಮ ಹಳ್ಳಿಯ ಮಕ್ಕಳು ಕಾಗೆಬಂಗಾರ ಎಂದು ಆರಿಸಿಕೊಂಡು ಬರುತ್ತಿದ್ದರಲ್ಲ, ಅದೇ. ಆ ಕಾಲದಲ್ಲಿ ಲೋಕಕ್ಕೆಲ್ಲ ಹಾಳೆ ಅಭ್ರಕ ಒದಗಿಸುತ್ತಿದ್ದ ದೇಶಗಳಲ್ಲಿ ನಮ್ಮದೇ ಮುಂದು; ಕೋಡರ್ಮಾ, ನೆಲ್ಲೂರಿನ ಗಣಿಗಳ ಹೆಸರು ದೂರದೂರಕ್ಕೆ ಹೋಗಿತ್ತು. ಆದರೆ ಅಭ್ರಕವನ್ನು ಮಡಚಿದರೆ ಸೀಳುತ್ತದೆ. ಅದರ ಜಾಗಕ್ಕೆ ಸೆಲ್ಯುಲಾಯ್ಡ್ ಬಂತು. ಅಮೆರಿಕದ ಹಯಾಟ್ ಸೋದರರು 1870ರಲ್ಲಿ ಪೇಟೆಂಟ್ ಪಡೆದ ಈ ವಸ್ತು ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡಿದ್ದು. ನೈಟ್ರೋಸೆಲ್ಯುಲೋಸ್ ಸಿಡಿಮದ್ದಿನ ಜಾತಿ, ಕರ್ಪೂರದ ಗುಣ ಆರತಿ ಎತ್ತುವ ನಮಗೆ ಹೇಳಬೇಕಾಗಿಲ್ಲ. ಒಂದು ಕಿಡಿ ಬಿದ್ದರೆ ಭಗ್ಗೆಂದು ಹತ್ತಿಕೊಳ್ಳುವ ಈ ಹಾಳೆಯನ್ನು ಪೆಟ್ರೋಲಿನ ಬಂಡಿಗೆ ಹೊಲಿದು, ಒಳಗೆ ಕೂತು ಚುಟ್ಟಾ ಸೇದುತ್ತಿದ್ದರಲ್ಲ ಆ ಜನ! ಅದೂ ಬಿಸಿಲಿಗೆ ಹಳದಿಯಾಗುತ್ತಿತ್ತು, ಚಳಿಗೆ ಒಡೆಯುತ್ತಿತ್ತು.

1920ರ ದಶಕದಲ್ಲಿ ಅಮೆರಿಕದ ಕಂಪನಿಗಳು ಮುಚ್ಚಿದ ಕಾರಿನ ಬೆಲೆಯನ್ನು ಇಳಿಸಿದವು. ಗಾಜಿನ ಕಿಟಕಿಯ ಕಾರು ಸಾಮಾನ್ಯ ಸಂಸಾರಸ್ಥನ ಕೈಗೂ ಎಟುಕಿತು, ತೆರೆದ ಕಾರು ಹಿಂದೆ ಬಿತ್ತು. ಅಲ್ಲಿಗೆ ಪರದೆಯ ಕಥೆ ಮುಗಿಯಬೇಕಿತ್ತು. ಮುಗಿಯದೆ ಉಳಿದದ್ದು ಇಂಗ್ಲೆಂಡಿನಲ್ಲಿ. ವರ್ಷದಲ್ಲಿ ಎಷ್ಟು ದಿನ ಮಳೆಯಿಲ್ಲ ಎಂದು ಬೆರಳೆಣಿಸುವ ಆ ದೇಶದಲ್ಲೇ ತೆರೆದ ಕಾರಿನ ಹುಚ್ಚು ಉಳಿದದ್ದು ವಿಚಿತ್ರ. ಅಲ್ಲಿ ಎಂ.ಜಿ., ಟ್ರಯಂಫ್, ಆಸ್ಟಿನ್-ಹೀಲಿ ಕಂಪನಿಗಳ ಇಬ್ಬರ ಕಾರುಗಳಿಗೆ ಎರಡನೆಯ ಮಹಾಯುದ್ಧ ಮುಗಿದು ಹದಿನೈದು ವರ್ಷವಾದರೂ ಏರಿಸಿ ಇಳಿಸುವ ಗಾಜು ಬರಲಿಲ್ಲ. ಅವಕ್ಕೆ ಇದ್ದದ್ದು ಸೈಡ್‌ಸ್ಕ್ರೀನ್ ಎಂಬ ಬಿಡಿ ಚೌಕಟ್ಟು. ಬೇಕಾದಾಗ ಬಾಗಿಲಿಗೆ ಸಿಕ್ಕಿಸುವುದು, ಬೇಡವಾದಾಗ ಕಿತ್ತು ಸೀಟಿನ ಹಿಂದೆ ಇಡುವುದು.

ಈ ಚೌಕಟ್ಟನ್ನು ಗಮನಿಸಿದರೆ ಆ ಕಾಲದ ರಸ್ತೆಯೇ ಕಾಣುತ್ತದೆ. ಹಲವು ಸೈಡ್‌ಸ್ಕ್ರೀನುಗಳ ಕೆಳಭಾಗದಲ್ಲಿ ಎತ್ತಿ ಬಿಡುವ ಒಂದು ಬಟ್ಟೆಯ ಮುಚ್ಚಳವಿರುತ್ತಿತ್ತು. ಮಿನುಗುವ ದೀಪಗಳು ಇನ್ನೂ ವಾಡಿಕೆಗೆ ಬಂದಿರಲಿಲ್ಲ; ಬಲಕ್ಕೆ ತಿರುಗುವಾಗ ಬಲಗೈ ಹೊರಚಾಚಬೇಕು, ನಿಲ್ಲಿಸುವಾಗಲೂ ಕೈ ತೋರಬೇಕು. ಕಿಟಕಿ ಭದ್ರವಾಗಿ ಮುಚ್ಚಿದರೆ ಕೈ ಎಲ್ಲಿಂದ ಹೋಗಬೇಕು? ಅದಕ್ಕೆ ಈ ಬೆಕ್ಕಿನ ಕಂಡಿ. 1955ರಲ್ಲಿ ಬಂದ ಎಂ.ಜಿ.ಎ. ರೋಡ್‌ಸ್ಟರಿಗೆ ಹೊರಗಡೆ ಬಾಗಿಲಿನ ಹಿಡಿಯೇ ಇರಲಿಲ್ಲ. ಹೊರಗಿನಿಂದ ಒಳಗೆ ಕೈ ತೂರಿಸಿ ಒಂದು ದಾರ ಎಳೆದರೆ ಬಾಗಿಲು ತೆರೆಯುತ್ತಿತ್ತು. ಅಂದರೆ ಬೀಗ ಹಾಕುವ ಮಾತೇ ಇಲ್ಲ. 1961ರ ಟ್ರಯಂಫ್ ಟಿ.ಆರ್.4, 1962ರ ಎಂ.ಜಿ.ಬಿ. ಗಾಜು ಏರಿಸುವ ಹಿಡಿಯೊಂದಿಗೆ ಬಂದಾಗ, ಇನ್ನು ಇದು ಹೆಂಗಸರ ಕಾರಾಯಿತು ಎಂದು ಗೊಣಗಿದವರೂ ಇದ್ದಿರಬೇಕು. ನಮ್ಮ ಕಚೇರಿಗೆ ಕಂಪ್ಯೂಟರು ಬಂದಾಗಲೂ ಹಿರಿಯರು ಹೀಗೆಯೇ ಗೊಣಗಿದ್ದರು.

ಈ ಹೊತ್ತಿಗೆ ಸೆಲ್ಯುಲಾಯ್ಡಿನ ಜಾಗದಲ್ಲಿ ಒಳ್ಳೆಯ ವಸ್ತುವೊಂದು ಬಂದು ಕೂತಿತ್ತು. 1930ರ ದಶಕದಲ್ಲಿ ಜರ್ಮನಿಯ ರೋಮ್ ಕಂಪನಿ ಪ್ಲೆಕ್ಸಿಗ್ಲಾಸ್ ಎಂದೂ ಬ್ರಿಟನ್ನಿನ ಐ.ಸಿ.ಐ. ಕಂಪನಿ ಪರ್ಸ್ಪೆಕ್ಸ್ ಎಂದೂ ಮಾರಿದ ಪ್ಲಾಸ್ಟಿಕ್ ಇದು. ನಾವು ಅಂಗಡಿಯಲ್ಲಿ ಅಕ್ರಿಲಿಕ್ ಶೀಟ್ ಎಂದು ಕೇಳುವುದು ಇದನ್ನೇ. ಗಾಜಿನಷ್ಟೇ ಸ್ವಚ್ಛ, ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ, ಒಡೆದರೂ ಗಾಜಿನಂತೆ ಚೂರುಚೂರಾಗುವುದಿಲ್ಲ. ಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನದ ಚಾಲಕನ ತಲೆಯ ಮೇಲೆ ಗುಳ್ಳೆಯಂತೆ ಕೂತದ್ದು ಇದೇ ಪರ್ಸ್ಪೆಕ್ಸ್.

ಇಲ್ಲೊಂದು ಉಪಕಥೆ ಹೇಳದೆ ಮುಂದೆ ಹೋಗಲಾರೆ. ಗುಂಡೇಟಿಗೆ ಆ ಗುಳ್ಳೆ ಒಡೆದು ಚೂರುಗಳು ಚಾಲಕರ ಕಣ್ಣಿಗೆ ಹೊಕ್ಕಾಗ, ಅವು ವರ್ಷಗಟ್ಟಲೆ ಕಣ್ಣಿನೊಳಗಿದ್ದರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಹೆರಾಲ್ಡ್ ರಿಡ್ಲೆ ಎಂಬ ವೈದ್ಯರು ಗಮನಿಸಿದರು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರು ಪೊರೆ ತೆಗೆದ ಕಣ್ಣಿಗೆ ಅದೇ ಪ್ಲಾಸ್ಟಿಕ್ಕಿನ ಮಸೂರ ಕೂರಿಸಿದರು. 1992ರಲ್ಲಿ ಮದುರೆಯ ಅರವಿಂದ ಕಣ್ಣಾಸ್ಪತ್ರೆಯವರ ಆರೋಲ್ಯಾಬ್ ಅದನ್ನು ಬಡವರಿಗೂ ಎಟುಕುವ ಬೆಲೆಗೆ ಮಾಡತೊಡಗಿತು. ನಮ್ಮ ಅಜ್ಜಿಗೆ 1998ರಲ್ಲಿ ಹಾಕಿದ್ದೂ ಈ ಜಾತಿಯ ಮಸೂರವೇ. ಆ ಸಲ ಊರಿಗೆ ಹೋದಾಗ ಅಜ್ಜಿ ನನ್ನ ಮುಖ ಹಿಡಿದು ನೋಡಿ, "ಎಷ್ಟ್ ಬಡವಾಗೀಯೋ" ಎಂದದ್ದು ನೆನಪಿದೆ. ಅದಕ್ಕೂ ಹಿಂದಿನ ನಾಲ್ಕು ವರ್ಷ ನಾನು ಹಾಗೆಯೇ ಇದ್ದೆ.

ಇರಲಿ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಕಾರಿಗೆ ಬರಗಾಲ. ತಯಾರಾದ ಹೊಸ ಕಾರುಗಳು ಡಾಲರಿಗಾಗಿ ವಿದೇಶಕ್ಕೆ ಹೋಗುತ್ತಿದ್ದವು. ಆಗ ಕಾರಿನ ಆಸೆಯಿದ್ದ, ಕೈಯಲ್ಲಿ ಕಾಸಿಲ್ಲದ ಹುಡುಗರು 1922ರಿಂದ 1939ರವರೆಗೆ ತಯಾರಾಗಿದ್ದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ ಹಳೆಯ ಗೂಡುಗಳನ್ನು ಕೊಂಡು, ಮೈ ಕಿತ್ತೆಸೆದು, ತಮ್ಮದೇ ಮೈ ಕಟ್ಟತೊಡಗಿದರು. 1948ರಲ್ಲಿ ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ತಾನು ಮದುವೆಯಾಗಲಿದ್ದ ಹುಡುಗಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಇಂಥದೊಂದನ್ನು ಕಟ್ಟಿದ. ಲೋಟಸ್ ಕಂಪನಿ ಹುಟ್ಟಿದ್ದು ಹಾಗೆ. ಮಿನಿ ಕಾರಿನ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಕೂಡ ಯುದ್ಧಕ್ಕೆ ಮೊದಲೇ ಗೆಳೆಯನೊಂದಿಗೆ ಕೂಡಿ ಒಂದು ರೇಸು ಕಾರನ್ನು ಕೈಯಾರೆ ಕಟ್ಟಿದ್ದವರು. 1959ರ ಮಿನಿಗೆ ಅವರು ಗಾಜು ಏರಿಸುವ ಯಂತ್ರ ಹಾಕಲೇ ಇಲ್ಲ. ಪಕ್ಕಕ್ಕೆ ಸರಿಯುವ ಎರಡು ಗಾಜು ಇಟ್ಟು, ಉಳಿದ ಜಾಗದಲ್ಲಿ ಬಾಗಿಲಿಗೆ ದೊಡ್ಡ ಜೇಬು ಮಾಡಿದರು. ಮನೆಯಲ್ಲಿ ಕಾರು ಕಟ್ಟಿದವನ ಬುದ್ಧಿ ಅದು.

ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ತಂದರು. ಇಲ್ಲಿ ನನ್ನಂಥ ಗುಮಾಸ್ತನ ಕಿವಿ ನೆಟ್ಟಗಾಗುವ ಸಂಗತಿಯಿದೆ. ಅಲ್ಲಿ ಹೊಸ ಕಾರಿಗೆ ಖರೀದಿ ತೆರಿಗೆಯ ಭಾರ ವಿಪರೀತ. ಆದರೆ ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿ ಜೋಡಿಸಿದರೆ ಆ ತೆರಿಗೆ ಇಲ್ಲ. ಲೋಟಸ್ ಸೆವೆನ್ ತೆರಿಗೆ ಸಮೇತ 1,036 ಪೌಂಡು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ 536 ಪೌಂಡು. ಜೋಡಿಸುವ ವಿಧಾನದ ಪುಸ್ತಕ ಕೊಟ್ಟರೆ ತೆರಿಗೆ ಬೀಳುತ್ತದೆಂದು, ಕಳಚುವ ವಿಧಾನದ ಪುಸ್ತಕ ಕೊಟ್ಟು 'ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಿ' ಎಂದರಂತೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಇಂಥ ಉಪಾಯ ಕಂಡುಹಿಡಿದವನು ನಮ್ಮ ಕಚೇರಿಯಲ್ಲಿದ್ದಿದ್ದರೆ ಬಡ್ತಿ ತಪ್ಪುತ್ತಿತ್ತು. 1973ರ ಏಪ್ರಿಲ್ 1ರಂದು ಖರೀದಿ ತೆರಿಗೆ ಹೋಗಿ ವ್ಯಾಟ್ ಬಂತು, ಪೆಟ್ಟಿಗೆಯ ಕಾರಿನ ಆ ಲಾಭವೂ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಎಂಬ ಸಂಸ್ಥೆಗೆ ದಾಟಿತು.

ಆ ಸೆವೆನ್‌ಗೆ ಬಾಗಿಲೇ ಇರಲಿಲ್ಲ! ಪಕ್ಕದ ತಗಡು ದಾಟಿ ಒಳಗಿಳಿಯಬೇಕು. ಹೀಗಾಗಿ ಸೈಡ್‌ಸ್ಕ್ರೀನ್ ಹಾಕಿದರೆ ಅದೇ ಕಿಟಕಿ, ಅದೇ ಬಾಗಿಲು. ಮುಂಗಾಜಿನ ಕಂಬಕ್ಕೆ ಎರಡು ಕೀಲು. ಎತ್ತಿದರೆ ಕೈಗೆ ಬರುತ್ತದೆ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಶಿಕ್ಷಕರು 250 ಪೌಂಡಿಗೆ ಇಂಥದೇ ಕಾರು ಕಟ್ಟುವುದು ಹೇಗೆಂದು ಪುಸ್ತಕ ಬರೆದರು. ಅದನ್ನು ಓದಿ ಎಷ್ಟೋ ದೇಶಗಳಲ್ಲಿ ಜನ ಕಟ್ಟಿದರು. ನನ್ನ ಅಳಿಯನ ಕಾರಿಗೂ ಅದೇ ಮೂಲ. ಇಂಥ ಕಾರಿಗೆ ಚೌಕಟ್ಟು, ಎಂಜಿನ್ ಎಲ್ಲ ಮುಗಿದ ಮೇಲೆ ನೆನಪಾಗುವುದು ಪಕ್ಕದ ಕಿಟಕಿ. ಒಂದೊಂದು ಕಾರಿನ ಅಳತೆ ಒಂದೊಂದು, ಅಂಗಡಿಯಲ್ಲಿ ಸಿಗುವುದಿಲ್ಲ. ಕಟ್ಟಿದವನೇ ಮಾಡಬೇಕು.

ಮಾಡುವ ಕ್ರಮವನ್ನು ಅವನಿಗೆ ಹೇಳಿದಂತೆಯೇ ಹೇಳುತ್ತೇನೆ. ಮೊದಲು ಮೇಲಿನ ಬಟ್ಟೆಯನ್ನು ಬಿಗಿಯಾಗಿ ಕಟ್ಟಿಯೇ ಅಳತೆ ತೆಗೆಯಬೇಕು. ಬಟ್ಟೆ ಇಲ್ಲದೆ ಅಳೆದರೆ ಹಿಂದಿನ ಮೂಲೆ ಸೇರುವುದಿಲ್ಲ. ರಟ್ಟಿನಲ್ಲಿ ಪಡಿಯಚ್ಚು ಕತ್ತರಿಸಿ, ಕೂತು, ಸ್ಟಿಯರಿಂಗ್ ತಿರುಗಿಸಿ ಮೊಣಕೈ ತಾಗುವುದೇ ನೋಡಬೇಕು. ಕೀಲು ಮುಂದೆಯೇ ಇರಬೇಕು. ಹಿಂದೆ ಇಟ್ಟರೆ ಓಡುವಾಗ ಗಾಳಿ ಹೊಕ್ಕು ಕಿಟಕಿಯನ್ನು ಹಾರಿಸಿಬಿಡುತ್ತದೆ. ಕೆಳಗಿನ ಅಂಚು ತಗಡಿನ ಹೊರಗೆ ಇಳಿಬೀಳಬೇಕು, ಹೆಂಚಿನ ಮೇಲೆ ಹೆಂಚು ಕೂತಂತೆ. ಒಳಗೆ ಇಳಿಬಿಟ್ಟರೆ ನೀರೆಲ್ಲ ತೊಡೆಯ ಮೇಲೆ.

ಬಿ.ಎಸ್ಸಿ.ಯಲ್ಲಿ ಓದಿದ ಬರ್ನೌಲಿ ಸೂತ್ರ ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಫೈಲಿಗೂ ಬೇಕಾಗಿರಲಿಲ್ಲ, ಇಲ್ಲಿ ಬೇಕಾಯಿತು. ಕಾರು ಜೋರಾಗಿ ಓಡುವಾಗ ಪಕ್ಕದಲ್ಲಿ ಸರಿಯುವ ಗಾಳಿಯ ಒತ್ತಡ ಒಳಗಿನದಕ್ಕಿಂತ ಕಡಿಮೆ. ಕಿಟಕಿಯ ಮೇಲಂಚು ಒಳಕ್ಕೆ ಬಾಗುವುದಿಲ್ಲ, ಹೊರಕ್ಕೆ ಉಬ್ಬುತ್ತದೆ. ಆ ಸಂದಿಯಿಂದಲೇ ಮಳೆ ಒಳಗೆ ಬರುವುದು. ಆದ್ದರಿಂದ ಚೌಕಟ್ಟು ಗಟ್ಟಿಯಿರಬೇಕು, ಮೇಲಂಚಿಗೆ ಬಟ್ಟೆಯ ಒಂದು ಮಡಿಕೆ ಹೊರಗಿನಿಂದ ಕವಿಯಬೇಕು.

ಅಕ್ರಿಲಿಕ್ಕಿನ ಇನ್ನೊಂದು ಗುಣ ಬಿಸಿಲಿಗೆ ಬೆಳೆಯುವುದು. ಅರ್ಧ ಮೀಟರ್ ಉದ್ದದ ಹಾಳೆ 30 ಡಿಗ್ರಿ ಬಿಸಿಯೇರಿದರೆ ಸುಮಾರು 1 ಮಿಲಿಮೀಟರ್ ಹಿಗ್ಗುತ್ತದೆ. ಅದನ್ನು ಹಿಡಿದ ಅಲ್ಯೂಮಿನಿಯಂ ಪಟ್ಟಿ ಅದರ ಮೂರನೆಯ ಒಂದು ಪಾಲು. ರಿವೆಟ್ಟಿನ ತೂತು ಬಿಗಿಯಾಗಿದ್ದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ತೂತು ರಿವೆಟ್ಟಿಗಿಂತ ಎರಡು ಮಿಲಿಮೀಟರ್ ದೊಡ್ಡದಿರಲಿ, ನಡುವೆ ರಬ್ಬರಿನ ಬಿಲ್ಲೆ ಇರಲಿ. ಕೆಲಸ ಮುಗಿಯುವವರೆಗೆ ಹಾಳೆಗೆ ಅಂಟಿಸಿದ ಕಾಗದ ಕೀಳಬಾರದು. ಒರೆಸಲು ಥಿನ್ನರ್, ಸ್ಪಿರಿಟ್ ತಾಗಿಸಲೇಬಾರದು. ಕೂದಲೆಳೆಯಂಥ ಬಿರುಕುಗಳು ಮೂಡಿ ಹಾಳೆ ಮಂಕಾಗುತ್ತದೆ. ಸೋಪಿನ ನೀರು ಸಾಕು.

ಹುಡುಗ ನಾಮಫಲಕ ಬರೆಯುವವರ ಅಂಗಡಿಯಿಂದ 3 ಮಿಲಿಮೀಟರ್ ದಪ್ಪದ ಹಾಳೆ ತಂದ. ಮೊದಲನೆಯದು ತೂತು ಕೊರೆಯುವಾಗಲೇ ಒಡೆಯಿತು. ಕಬ್ಬಿಣಕ್ಕೆ ಮಸೆದ ಚೂಪು ಬೈರಿಗೆ ಅಕ್ರಿಲಿಕ್ಕನ್ನು ಕಚ್ಚಿ ಎಳೆದುಬಿಡುತ್ತದೆ; ಅದರ ಬಾಯಿ ಸ್ವಲ್ಪ ಮೊಂಡು ಮಾಡಿ, ಕೆಳಗೆ ಮರದ ಹಲಗೆ ಇಟ್ಟು ನಿಧಾನವಾಗಿ ಕೊರೆದಾಗ ಎರಡನೆಯದು ಉಳಿಯಿತು.

ಇಷ್ಟೆಲ್ಲ ಹೇಳಿದ ನಾನು ಒಂದು ಮಾತನ್ನು ಮಾತ್ರ ಎರಡು ವರ್ಷದಿಂದ ಮುಂದೂಡಿದ್ದೆ. ಕಾಗದಪತ್ರ ಬಲ್ಲವನು ನಾನೇ, ಹೇಳಬೇಕಾದವನೂ ನಾನೇ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಸರ್ಕಾರ ಪರೀಕ್ಷಿಸಿ ರಸ್ತೆಗೆ ಬಿಡುವ ವ್ಯವಸ್ಥೆಯಿದೆ. 1998ರಲ್ಲಿ ಒಂದು ಬಂತು, 2009ರಲ್ಲಿ ಅದರ ಬದಲು ಇನ್ನೊಂದು. ನಮ್ಮಲ್ಲಿ ಹಾಗಿಲ್ಲ. ಇಲ್ಲಿನ ನಿಯಮ ತಯಾರಕ ಕಂಪನಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಮಾದರಿ ವಾಹನವನ್ನು ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯಬೇಕು. ಒಂದೇ ಕಾರು ಕಟ್ಟುವವನಿಗೆ ಅದು ಆಗುಹೋಗುವ ಮಾತಲ್ಲ. ಹಳೆಯ ಕಾರಿನ ನೋಂದಣಿಯ ಮೇಲೆ ಹೊಸ ಮೈ ಕೂರಿಸೋಣವೆಂದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಯಾರಕರು ನಮೂದಿಸಿದ ಮೂಲ ರೂಪವನ್ನು ಬದಲಿಸಕೂಡದೆಂದು ಸ್ಪಷ್ಟವಾಗಿ ಹೇಳಿದೆ. ನಮ್ಮ ರಸ್ತೆಗಳಲ್ಲಿ ಸಾಯುವವರ ಲೆಕ್ಕ ನೋಡಿದರೆ ನಿಯಮ ತಪ್ಪೆನ್ನಲು ನನಗೆ ನಾಲಿಗೆ ಬರುವುದಿಲ್ಲ. ಒಂದು ಪರೀಕ್ಷೆಯ ದಾರಿಯನ್ನಾದರೂ ಇಡಬಹುದಿತ್ತು ಎಂದೂ ಅನಿಸುತ್ತದೆ.

ಕಡೆಗೆ ಹೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನನಗ ಗೊತ್ತಿತ್ತು ಮಾಮಾ. ನೀವು ಹೇಳ್ತೀರೋ ಇಲ್ಲೋ ಅಂತ ನೋಡ್ತಿದ್ದೆ" ಎಂದ.

ಕಾರು ಈಗ ಅಕ್ಕನ ಮನೆಯವರ ಹೊಲದಲ್ಲಿ, ಬಾವಿಯಿಂದ ಕಣದವರೆಗಿನ ಮಣ್ಣಿನ ದಾರಿಯಲ್ಲಿ ಓಡುತ್ತದೆ. ಕಳೆದ ಜೂನಿನಲ್ಲಿ ಮೊದಲ ಮಳೆ ಬಿದ್ದಾಗ ಎರಡೂ ಕಿಟಕಿ ಸಿಕ್ಕಿಸಿ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದನಂತೆ. ಎಡಗಡೆ ಒಂದು ಹನಿ ಬರಲಿಲ್ಲವಂತೆ. ಬಲಗಡೆ ಕೀಲಿನ ಹತ್ತಿರ ಸೋರಿ ಅವನ ಮೊಣಕಾಲು ತೋಯಿತಂತೆ. ಆ ಕೀಲಿಗೆ ಒಳಗಿನಿಂದ ರಬ್ಬರು ಹಾಕಬೇಕೋ ಹೊರಗಿನಿಂದಲೋ ಎಂದು ಕೇಳಿದ್ದಾನೆ. ಹೊರಗಿನಿಂದ ಎಂದು ಬರೆದಿದ್ದೇನೆ.