ಕಾರ್ಖಾನೆ ನಿರ್ಮಿತ ಮನೆ

ಗೋಡೆ, ಚಾವಣಿ ಮುಂತಾದ ಭಾಗಗಳನ್ನು ಅಥವಾ ಇಡೀ ಕೋಣೆಗಳನ್ನು ಕಾರ್ಖಾನೆಯಲ್ಲಿ ತಯಾರಿಸಿ, ನಿವೇಶನಕ್ಕೆ ಸಾಗಿಸಿ ಜೋಡಿಸುವ ವಾಸದ ಕಟ್ಟಡವೇ ಕಾರ್ಖಾನೆ ನಿರ್ಮಿತ ಮನೆ. ಇದು 'ಪ್ರಿಫ್ಯಾಬ್ ಮನೆ' ಎಂದೂ ಪರಿಚಿತವಾಗಿದೆ.

ವಿಧಗಳು

ಪ್ರೀಕಾಸ್ಟ್ ಕಾಂಕ್ರೀಟ್ ಫಲಕಗಳ ಮನೆ, ಉಕ್ಕಿನ ಚೌಕಟ್ಟಿಗೆ ಹಗುರ ಫಲಕಗಳನ್ನು ಕೂಡಿಸಿದ ಮನೆ ಹಾಗೂ ಸಿದ್ಧ ಕೋಣೆಗಳಾಗಿ ಲಾರಿಯಲ್ಲಿ ಬರುವ ಮಾಡ್ಯುಲರ್ ಮನೆ ಇದರ ಮುಖ್ಯ ವಿಧಗಳು.

ಇತಿಹಾಸ

ದೇಶ ವಿಭಜನೆಯ ನಂತರ ನಿರಾಶ್ರಿತರ ವಸತಿಗಾಗಿ 1948ರಲ್ಲಿ ದೆಹಲಿಯಲ್ಲಿ ಸರ್ಕಾರಿ ವಸತಿ ಕಾರ್ಖಾನೆ ಆರಂಭವಾಯಿತು. ಇದು ಮುಂದೆ ಹಿಂದೂಸ್ತಾನ್ ಪ್ರಿಫ್ಯಾಬ್ ಲಿಮಿಟೆಡ್ ಎಂಬ ಹೆಸರು ಪಡೆಯಿತು. ಅಮೆರಿಕದಲ್ಲಿ ಇಂತಹ ಕೆಲವು ಬಗೆಯ ಮನೆಗಳಿಗೆ 1976ರಿಂದ ರಾಷ್ಟ್ರೀಯ ಗುಣಮಟ್ಟ ಸಂಹಿತೆ ಜಾರಿಯಲ್ಲಿದೆ.

ಕೊಡಗಿನ ಸಂದರ್ಭ

ಸೋಮವಾರಪೇಟೆ ತಾಲ್ಲೂಕಿನ ಶನಿವಾರಸಂತೆಯಂತಹ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಕಟ್ಟಡ ಕೆಲಸಕ್ಕೆ ಅಡ್ಡಿಯಾಗುತ್ತದೆ. ಭಾಗಗಳು ಸಿದ್ಧವಾಗಿ ಬರುವುದರಿಂದ ಬೇಸಿಗೆಯಲ್ಲೇ ಜೋಡಣೆ ಮುಗಿಸಲು ಸಾಧ್ಯ. ಆದರೆ ತಳಪಾಯವನ್ನು ಸ್ಥಳದಲ್ಲೇ ಹಾಕಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮನೆಗಳು ನೆಲದೊಂದಿಗೇ ಜಾರಿದವು. ಸಂತ್ರಸ್ತರಿಗೆ ಕರ್ಣಂಗೇರಿ, ಮದೆ, ಜಂಬೂರು ಮುಂತಾದೆಡೆ ಹೊಸ ಬಡಾವಣೆಗಳು ನಿರ್ಮಾಣವಾದವು. ಮನೆ ಯಾವ ವಿಧದ್ದಾದರೂ ಇಳಿಜಾರಿನ ಭದ್ರತೆಯನ್ನು ಮೊದಲು ಪರೀಕ್ಷಿಸಬೇಕೆಂಬುದನ್ನು ಈ ದುರಂತ ತೋರಿಸಿತು.

ಖರೀದಿದಾರರು ಗಮನಿಸಬೇಕಾದ ಅಂಶಗಳು

* ಹೇಳಿದ ದರದಲ್ಲಿ ತಳಪಾಯ, ಸಾಗಣೆ, ಕ್ರೇನ್ ಬಾಡಿಗೆ, ನೀರು ಮತ್ತು ವಿದ್ಯುತ್ ಸಂಪರ್ಕದ ವೆಚ್ಚ ಸೇರಿದೆಯೇ ಎಂಬುದು.
* ತೋಟದ ಕಿರಿದಾದ, ತಿರುವಿನ ರಸ್ತೆಯಲ್ಲಿ ಲಾರಿ ಬರಬಲ್ಲದೇ ಎಂಬುದು.
* ಫಲಕಗಳ ಸಂದುಗಳಲ್ಲಿ ನೀರು ಸೋರದಂತೆ, ಉಕ್ಕಿಗೆ ತುಕ್ಕು ಹಿಡಿಯದಂತೆ ಕೈಗೊಂಡ ಕ್ರಮ ಹಾಗೂ ಲಿಖಿತ ಖಾತರಿ.
* ಕೃಷಿ ಜಮೀನಾದರೆ ಭೂಪರಿವರ್ತನೆ ಮತ್ತು ಸ್ಥಳೀಯ ಸಂಸ್ಥೆಯ ಪರವಾನಗಿ.
* ಬ್ಯಾಂಕ್ ಆ ವಿಧದ ಮನೆಗೆ ಗೃಹಸಾಲ ನೀಡುವುದೇ ಎಂಬುದು.