ಕ್ಯಾಮೆರಾ ಮ್ಯಾಲಿನ ಸಣ್ಣ ಹೂವು | ಭಾಗ 4

ಹಿಂದಿನ ಮೂರು ಭಾಗ ಓದಿ ಮೆಸೇಜ್ ಹಾಕಿದವರೆಲ್ಲ ಕೇಳಿದ್ದು ಒಂದೇ: "ಇದು ಯಾವ ಫೋನ್?" ಫೋನ್ ಅಲ್ಲ ದೋಸ್ತರ. ಕಿಸೆದಾಗ ಹಿಡಿಯುವ ಹಳೇ ಡಿಜಿಟಲ್ ಕ್ಯಾಮೆರಾ. ಮೊದಲ ಸ್ಲೈಡಿನ ದಾಸಾಳ, ಎರಡನೇ ಸ್ಲೈಡಿನ ಅಬ್ಬಲಿಗಿ ಎರಡೂ ಅದರಲ್ಲೇ ತೆಗೆದದ್ದು. ಮೂರನೇ ಸ್ಲೈಡಿನಲ್ಲಿ ಕ್ಯಾಮೆರಾದ ಹಿಂಬದಿ ಐತಿ. ಝೂಮ್ ಮಾಡಿ ನೋಡ್ರಿ, ಬಟನ್ ಪಕ್ಕ ಒಂದು ಸಣ್ಣ ಹೂವಿನ ಚಿತ್ರ ಕಾಣ್ತದ. ಹತ್ತಿರದ ಫೋಟೋಕ್ಕ ಬಹುತೇಕ ಎಲ್ಲ ಕಂಪನಿಯವರೂ ಇಟ್ಟ ಗುರುತು ಅದೇ. ಇರುವೆ ಇಡಬಹುದಿತ್ತು, ನಾಣ್ಯ ಇಡಬಹುದಿತ್ತು, ಹೂವೇ ಇಟ್ಟರು. ಆದರೆ ಹೂವು ಕ್ಯಾಮೆರಾಕ್ಕ ಸುಲಭವಾಗಿ ಸಿಕ್ಕ ವಸ್ತು ಅಲ್ಲ.

ನಮ್ಮ ಜಿಲ್ಲೆಯಿಂದಲೇ ಶುರು ಮಾಡೋಣ. 1855ರಲ್ಲಿ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ ಸರಕಾರದ ಪರವಾಗಿ ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಗುಡಿಗಳ ಫೋಟೋ ತೆಗೆದ. ಆಗ ರೀಲೂ ಇಲ್ಲ, ಕಾರ್ಡೂ ಇಲ್ಲ. ರಾಸಾಯನಿಕ ಹಚ್ಚಿದ ಕಾಗದವೇ ನೆಗೆಟಿವ್. ಅದರ ಮೇಲೆ ಚಿತ್ರ ಮೂಡಬೇಕಂದ್ರ ಲೆನ್ಸ್ ಬಹಳ ಹೊತ್ತು ತೆರೆದಿಟ್ಟು ಕಾಯಬೇಕು. ನಮ್ಮ ಬಯಲಿನ ಗಾಳಿಗೆ ಒಂದು ಚೆಂಡು ಹೂವು ಅಷ್ಟು ಹೊತ್ತು ಅಲುಗಾಡದೇ ನಿಲ್ತದೇನು? ಕಲ್ಲು ನಿಲ್ತದ. ಬಿಗ್ಸ್, ಪಿಗೋ, ನೀಲ್ ಈ ಮೂವರ ಫೋಟೋಗಳು 1866ರಲ್ಲಿ ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಬರವಣಿಗೆಯ ಜೊತೆ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಅದರ ವಿಷಯ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪ. ಬಾದಾಮಿಯ ಮೂರನೇ ಗುಹೆಯ ಶಾಸನ 578ರದು. ಆ ಕಾಲದ ಶಿಲ್ಪಿ ಕಮಲದ ಎಸಳು ಎಣಿಸಿ ನೋಡಿ ಕೆತ್ತಿದ್ದಾನೆ. ಹತ್ತಿರ ಹೋಗಿ ಹೂವು ನೋಡುವ ಕೆಲಸ ಕ್ಯಾಮೆರಾಕ್ಕಿಂತ ಮೊದಲೇ ಉಳಿ ಮಾಡಿ ಮುಗಿಸಿತ್ತು ಅನ್ನಬಹುದು.

ಕ್ಯಾಮೆರಾದಿಂದ ಆ ಕೆಲಸ ಮಾಡಿದವರಲ್ಲಿ ನನಗೆ ಬಹಳ ಹಿಡಿಸಿದವರು ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್. ಫೋಟೋಗ್ರಾಫಿ ಕಲಿತವರಲ್ಲ, ಬರ್ಲಿನ್ನಿನ ಕಲಾಶಾಲೆಯ ಮೇಷ್ಟ್ರು. ಹುಡುಗರಿಗೆ ಗಿಡದ ಆಕಾರ ತೋರಿಸಿ ಅಲಂಕಾರ ವಿನ್ಯಾಸ ಕಲಿಸಲು ಮನೆಯಲ್ಲೇ ಮಾಡಿದ ಕ್ಯಾಮೆರಾದಿಂದ ಮೊಗ್ಗು, ಕಾಂಡ, ಎಸಳು ಹಲವು ಪಟ್ಟು ದೊಡ್ಡದಾಗಿ ತೆಗೆದರು. 1928ರಲ್ಲಿ ಪುಸ್ತಕ ಬಂದು ಹೆಸರಾಗುವ ಹೊತ್ತಿಗೆ ವಯಸ್ಸು 60 ದಾಟಿತ್ತು. ಹಿಂದೆ ಏನೂ ಇಲ್ಲದ ಸಾದಾ ಬಣ್ಣ, ಮುಂದೆ ಒಂದೇ ಗಿಡ. ಎರಡನೇ ಸ್ಲೈಡಿಗೆ ಹಿಂದೆ ಕಪ್ಪು ಡ್ರಾಯಿಂಗ್ ಶೀಟ್ ಹಿಡಿದದ್ದು ಅವರನ್ನು ನೋಡಿಯೇ.

ಈಗ ನಮ್ಮ ಮನೆಗಳಿಗೆ ಬರ್ರಿ. ನಮ್ಮ ಅಜ್ಜಂದಿರ ಕಾಲದ ಕ್ಯಾಮೆರಾ ಅಂದ್ರ ಆಗ್ಫಾ ಕ್ಲಿಕ್ 3. ಭಾರತದಲ್ಲೇ ತಯಾರಾಗ್ತಿತ್ತು. ಒಂದು ರೀಲಿಗೆ 12 ಫೋಟೋ. ಫೋಕಸ್ ತಿರುಗಿಸುವ ವ್ಯವಸ್ಥೆ ಇಲ್ಲ, ಹೂವಿನ ಹತ್ತಿರ ಹೋದರೆ ಬರೀ ಮಸುಕು. ಆಮೇಲೆ ಬಂದ 36 ಫೋಟೋದ ಸಣ್ಣ ರೀಲ್ ಕ್ಯಾಮೆರಾಗಳಲ್ಲಿ ಇನ್ನೊಂದು ತೊಡಕು: ಕಣ್ಣಿಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ದೂರದ್ದಕ್ಕೆ ನಡೀತದ. ಹತ್ತಿರದ ಹೂವನ್ನು ಕಿಂಡಿಯ ನಡುವೆ ಇಟ್ಟು ಒತ್ತಿದರೆ ಫೋಟೋದಲ್ಲಿ ಅರ್ಧ ಹೂವು ಹೊರಗೆ!

ಅದಕ್ಕಿಂತ ದೊಡ್ಡ ತೊಡಕು ರೊಕ್ಕದ್ದು. ಬಿಕಾಂ ಓದೋ ನಮಗೆ ಇದು ಗೊತ್ತಿರೋ ಲೆಕ್ಕನೇ, ಇನ್ನೊಂದು ಫೋಟೋ ತೆಗೆಯುವ ಹೆಚ್ಚುವರಿ ವೆಚ್ಚ. ರೀಲು, ತೊಳೆಯುವ ಖರ್ಚು, ಪ್ರಿಂಟು. 12ರಲ್ಲಿ ಒಂದನ್ನು ಹೂವಿಗೆ ಕೊಡುವವರು ಯಾರು? ಮದುವಿ, ಸೀಮಂತ, ಜಾತ್ರಿಗೇ ಸಾಲ್ತಿರಲಿಲ್ಲ.

ಪರಿಣಾಮ ಏನಾಯ್ತು ಅಂದ್ರ, ನಾಲ್ಕನೇ ಸ್ಲೈಡ್ ನೋಡ್ರಿ (ಮುಖ ಮಸುಕು ಮಾಡೀನಿ). ಹಳೇ ಬಾಗಲಕೋಟೆಯ ನಮ್ಮ ಮನೆ ಹಿತ್ತಲದಾಗ ತೆಗೆದ ಫೋಟೋ. ಎಡಗಡೆ ಅಂಚಿನಲ್ಲಿ ಏನೋ ಹಸಿರು ಮುದ್ದೆ. ಅಜ್ಜಿನ್ನ ಕೇಳಿದರೆ ತಕ್ಷಣ ಹೇಳ್ತಾಳ, "ಅದು ದುಂಡು ಮಲ್ಲಿಗಿ, ಬುಟ್ಟಿ ತುಂಬ ಬಿಡ್ತಿತ್ತು" ಅಂತ. ಫೋಟೋದಲ್ಲಿ ಒಂದು ಹೂವೂ ಕಾಣೋದಿಲ್ಲ. ಆಲಮಟ್ಟಿ ಆಣೆಕಟ್ಟೆಯ ಹಿನ್ನೀರು ಘಟಪ್ರಭೆಯ ಗುಂಟ ಬಂದಾಗ ಊರಿನ ಎಷ್ಟೋ ಓಣಿ ನೀರಿನ ಪಾಲಾದವು, ಜನ ನವನಗರದ ಸೆಕ್ಟರ್‌ಗಳಿಗೆ ಬಂದರು. ಮನೆ, ಗುಡಿ, ಜಾಗದ ಅಳತೆ ಎಲ್ಲ ಸರಕಾರಿ ಕಾಗದದಲ್ಲಿ ಸೇರ್ತದ. ಹಿತ್ತಲದ ಗಿಡ ಯಾವ ಬಣ್ಣ ಬಿಡ್ತಿತ್ತು ಅನ್ನೋದು ಅಲ್ಲಿ ಇರೋದಿಲ್ಲ. ಅದು ನಮ್ಮ ಆಲ್ಬಮ್ಮಿನಲ್ಲೂ ಇಲ್ಲ. ಹತ್ತಿರದ ಫೋಟೋ ಬಡವರ ಕೈಗೆ ತಡವಾಗಿ ಬಂತು, ನೀರು ಕಾಯಲಿಲ್ಲ.

ತಡವಾಗಿ ಬಂದದ್ದು ಹ್ಯಾಂಗಂದ್ರ: 1995ರಲ್ಲಿ ಕ್ಯಾಸಿಯೋ ಕ್ಯೂವಿ-10 ಮಾರುಕಟ್ಟೆಗೆ ಬಂತು, ಹಿಂದೆ ಪುಟ್ಟ ಪರದೆ ಇಟ್ಟುಕೊಂಡು. ಲೆನ್ಸ್ ನೋಡಿದ್ದೇ ಪರದೆ ಮೇಲೆ ಕಾಣ್ತಿತ್ತು, ಕಿಂಡಿಯ ಮೋಸ ಮುಗೀತು. 1999ರ ನಿಕಾನ್ ಕೂಲ್‌ಪಿಕ್ಸ್ 950 ಹೂವಿನಿಂದ ಬರೀ 2 ಸೆಂ.ಮೀ. ದೂರದಲ್ಲಿ ಫೋಕಸ್ ಮಾಡ್ತಿತ್ತು. ಗುಟ್ಟು ಸಣ್ಣತನದಲ್ಲೇ ಇದೆ. 50 ಮಿ.ಮೀ. ಲೆನ್ಸಿಗೆ 10 ಸೆಂ.ಮೀ. ದೂರದ ಹೂವು ಸ್ಪಷ್ಟ ಕಾಣಬೇಕಂದ್ರ ಅದು 5 ಸೆಂ.ಮೀ. ಮುಂದೆ ಸರಿಯಬೇಕು. ಕಾಂಪ್ಯಾಕ್ಟ್ ಕ್ಯಾಮೆರಾದ 6 ಮಿ.ಮೀ. ಲೆನ್ಸಿಗೆ 6 ಸೆಂ.ಮೀ. ದೂರದ ಹೂವಿಗೂ 0.7 ಮಿ.ಮೀ. ಸರಿದರೆ ಸಾಕು. ದೊಡ್ಡ ಕ್ಯಾಮೆರಾ ಇದ್ದವರು ಇದಕ್ಕಂತಲೇ ಬೇರೆ ಲೆನ್ಸ್ ಕೊಳ್ಳಬೇಕಾದ ಕಡೆ ಇದರಲ್ಲಿ ಒಂದು ಬಟನ್. ಅದೇ ಹೂವಿನ ಬಟನ್.

(ಒಂದು ಮಾತು: ಝೂಮ್ ಎಳೆದು ಹತ್ತಿರ ಹೋಗಬ್ಯಾಡ್ರಿ. ಈ ಕ್ಯಾಮೆರಾಗಳಲ್ಲಿ ಬಹಳಷ್ಟು, ಝೂಮ್ ಇಲ್ಲದಾಗಲೇ ಅತಿ ಹತ್ತಿರ ಫೋಕಸ್ ಮಾಡ್ತಾವ. ಫ್ಲ್ಯಾಶ್ ಬಂದ್. ನಿಮ್ಮ ನೆರಳು ಎಸಳ ಮೇಲೆ ಬೀಳದಂಗ ನಿಂದರ್ರಿ.)

ಜಪಾನಿನ ತಯಾರಕರ ಸಂಘದ ಲೆಕ್ಕದ ಪ್ರಕಾರ 2010ರಲ್ಲಿ ಕಳಿಸಿದ ಡಿಜಿಟಲ್ ಕ್ಯಾಮೆರಾ 12 ಕೋಟಿ ದಾಟಿದ್ದವು, ಹೆಚ್ಚಿನವು ಕಿಸೆಯವೇ. 2020ಕ್ಕೆ ಒಟ್ಟು 1 ಕೋಟಿಯೂ ಇಲ್ಲ. ಫೋನ್ ಎಲ್ಲ ನುಂಗಿತು, ಹೂವಿನ ಗುರುತು ಮಾತ್ರ ಎಷ್ಟೋ ಫೋನುಗಳಲ್ಲಿ ಹಾಗೇ ಉಳೀತು.

ಮುಂದಿನ ಭಾಗಕ್ಕ ನಿಮ್ಮ ಸಹಾಯ ಬೇಕು. ಹಳೇ ಊರಿಂದ ಕಡ್ಡಿ ಮುರಿದು ತಂದು ನವನಗರದಾಗ ಹಚ್ಚಿದ ಗಿಡ ನಿಮ್ಮ ಮನೆಯಲ್ಲಿದ್ರ ಡಿಎಂ ಮಾಡ್ರಿ. ದಾಸಾಳ, ಕಣಗಲ, ಮಲ್ಲಿಗಿ ಯಾವುದಾದರೂ ಸರಿ. ಬೆಳಿಗ್ಗೆ ಏಳರೊಳಗ ಕ್ಯಾಮೆರಾ ಹಿಡ್ಕೊಂಡು ಬರ್ತೀನಿ. ಗಿಡ ಯಾವ ಓಣಿಯದು ಅಂತ ಮನ್ಯಾಗಿನ ಹಿರಿಯರನ್ನ ಮೊದಲೇ ಕೇಳಿಟ್ಟಿರ್ರಿ.