ಇಂಟರ್‌ನೆಟ್ಟಿನ ಉತ್ಪತ್ತಿ ವಿಚಾರ

೧

ಒಂದು ವಸ್ತು ಬಹುಜನರ ಬಳಕೆಗೆ ಬಂದೊಡನೆ ಅದರ ಹುಟ್ಟನ್ನು ಕುರಿತು ಐತಿಹ್ಯಗಳು ತಲೆದೋರುವುದು ಸ್ವಾಭಾವಿಕ. ಪ್ರಾಚೀನ ಕವಿಗಳ ಕಾಲದೇಶಗಳ ವಿಷಯದಲ್ಲಿ ಇದು ವಿದ್ವಾಂಸರೆಲ್ಲರಿಗೂ ವಿದಿತವಾದ ಸಂಗತಿ. ಆದರೆ ಕರ್ತೃಗಳಲ್ಲಿ ಹಲವರು ಬದುಕಿದ್ದಾಗಲೇ, ಅವರು ಬರೆದ ಪತ್ರಗಳೂ ಟಿಪ್ಪಣಿಗಳೂ ಕಣ್ಣೆದುರಿಗಿದ್ದಾಗಲೇ, ಐತಿಹ್ಯವು ಇತಿಹಾಸವನ್ನು ಮರೆಮಾಡಬಲ್ಲುದೆಂಬುದಕ್ಕೆ ಇಂಟರ್‌ನೆಟ್ಟು ಉತ್ತಮ ನಿದರ್ಶನವಾಗಿದೆ. ಪರಮಾಣು ಬಾಂಬಿನ ದಾಳಿಗೆ ಸಿಕ್ಕಿಯೂ ಉಳಿಯಬಲ್ಲ ಸೈನಿಕ ಸಂದೇಶಜಾಲವು ಬೇಕೆಂದು ಅಮೆರಿಕದ ಸರ್ಕಾರವು ಇದನ್ನು ನಿರ್ಮಿಸಿತೆಂಬ ಮಾತು ಬಹಳವಾಗಿ ಹಬ್ಬಿದೆ. ಈ ಮತವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಈ ಪೂರ್ವಪಕ್ಷಕ್ಕೆ ಆಧಾರವೇ ಇಲ್ಲವೆಂದು ಹೇಳುವಂತಿಲ್ಲ. ೧೯೫೭ನೆಯ ಅಕ್ಟೋಬರ್ ೪ರಂದು ರಷ್ಯನರು ಸ್ಪುಟ್ನಿಕ್ ಎಂಬ ಕೃತಕ ಉಪಗ್ರಹವನ್ನು ಹಾರಿಸಲು, ಅಮೆರಿಕದವರು ಎಚ್ಚತ್ತು, ಮರುವರ್ಷದ ಫೆಬ್ರವರಿಯಲ್ಲಿ ತಮ್ಮ ರಕ್ಷಣಾ ಇಲಾಖೆಗೆ ಸೇರಿದಂತೆ ‘ಆರ್ಪಾ’ ಎಂಬ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ಇತ್ತ ‘ರ್‍ಯಾಂಡ್’ ಎಂಬ ಬೇರೊಂದು ಸಂಸ್ಥೆಯಲ್ಲಿದ್ದ ಪಾಲ್ ಬಾರನ್ ಎಂಬವರು, ಶತ್ರುಗಳು ಟೆಲಿಫೋನಿನ ಮುಖ್ಯ ಕೇಂದ್ರಗಳನ್ನು ಹಾಳುಮಾಡಿದರೂ ಆಜ್ಞೆಗಳು ತಲುಪುವ ಬಗೆ ಹೇಗೆಂದು ಆಲೋಚಿಸಿ, ೧೯೬೪ರಲ್ಲಿ ಹನ್ನೊಂದು ಸಂಪುಟಗಳ ವರದಿಯನ್ನು ಹೊರತಂದರು. ಅದರ ಸಾರವಿಷ್ಟು: ಜಾಲಕ್ಕೆ ಕೇಂದ್ರವೆಂಬುದೇ ಇರಕೂಡದು, ಒಂದೊಂದು ಗಂಟಿನಿಂದಲೂ ಮೂರು ನಾಲ್ಕು ಹಾದಿಗಳಿರಬೇಕು, ಸಂದೇಶವನ್ನು ತುಂಡುಗಳಾಗಿ ಒಡೆದು ಕಳುಹಿಸಬೇಕು.

ಈ ಮೂರನೆಯ ಅಂಶವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ನೂರು ಗರಿಗಳ ಓಲೆಯ ಗ್ರಂಥವೊಂದನ್ನು ದೂರದ ಊರಿಗೆ ಕಳುಹಿಸಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಕಟ್ಟನ್ನು ಒಬ್ಬನ ಕೈಯಲ್ಲಿಯೇ ಕೊಟ್ಟರೆ, ಅವನ ಹಾದಿ ಕಡಿದಾಗ ಗ್ರಂಥವೆಲ್ಲವೂ ನಿಂತಿತು. ದಾರವನ್ನು ಬಿಚ್ಚಿ, ಗರಿಗರಿಗೂ ಸಂಖ್ಯೆಯನ್ನೂ ಸೇರಬೇಕಾದ ಊರಿನ ಹೆಸರನ್ನೂ ಬರೆದು, ನೂರು ಮಂದಿಯ ಕೈಯಲ್ಲಿ ತೆರಪಾದ ಹಾದಿಗಳಲ್ಲಿ ಕಳುಹಿಸಿದರೆ, ಅವು ಮುಂದುಹಿಂದಾಗಿ ಬಂದರೂ ಸಂಖ್ಯೆಯ ಬಲದಿಂದ ಮತ್ತೆ ಜೋಡಿಸಿಕೊಳ್ಳಬಹುದು. ಕಳೆದುಹೋದ ಗರಿಯೊಂದನ್ನೇ ಮರಳಿ ಬೇಡಬಹುದು. ಇಂಟರ್‌ನೆಟ್ಟಿನ ವ್ಯವಹಾರಕ್ಕೆಲ್ಲ ಇಂದಿಗೂ ಈ ತತ್ತ್ವವೇ ಮೂಲ.

ಆದರೆ ಬಾರನ್ನರ ಜಾಲವು ಕಟ್ಟಲ್ಪಡಲೇ ಇಲ್ಲ. ಟೆಲಿಫೋನ್ ಸಂಸ್ಥೆಯವರು ಅದನ್ನು ಒಪ್ಪಲಿಲ್ಲ; ೧೯೬೫ರಲ್ಲಿ ವಾಯುಸೇನೆಯು ಒಪ್ಪಿದರೂ, ಅನುಭವವಿಲ್ಲದ ಇಲಾಖೆಯೊಂದರ ಕೈಗೆ ಕೆಲಸವು ಬೀಳುವುದೆಂದು ಬಾರನ್ನರೇ ಅದನ್ನು ನಿಲ್ಲಿಸುವಂತೆ ಸಲಹೆಯಿತ್ತರು.

೩

ಕಟ್ಟಲ್ಪಟ್ಟುದು ಆರ್ಪಾ ಸಂಸ್ಥೆಯ ‘ಆರ್ಪಾನೆಟ್’ ಎಂಬ ಬೇರೆ ಜಾಲ. ಇದರ ಬೀಜವನ್ನು ಬಿತ್ತಿದವರು ಲಿಕ್‌ಲೈಡರ್ ಎಂಬ ಮನಶ್ಶಾಸ್ತ್ರಜ್ಞರು. ಮನುಷ್ಯನೂ ಗಣಕಯಂತ್ರವೂ ಜೊತೆಗೂಡಿ ಆಲೋಚಿಸುವ ಕಾಲವು ಬರುವುದೆಂದು ಇವರು ೧೯೬೦ರಲ್ಲಿಯೇ ಬರೆದಿದ್ದರು. ೧೯೬೨ರಲ್ಲಿ ಆರ್ಪಾದ ಗಣಕ ವಿಭಾಗಕ್ಕೆ ಮುಖ್ಯಸ್ಥರಾಗಿ, ಮರುವರ್ಷ ತಮ್ಮ ಸಹೋದ್ಯೋಗಿಗಳಿಗೆ ಬರೆದ ಪತ್ರದಲ್ಲಿ, ದೂರದೂರದ ಯಂತ್ರಗಳನ್ನು ಒಂದುಗೂಡಿಸುವ ಆಶಯವನ್ನು ಪ್ರಕಟಿಸಿದರು. ಇದೇ ಪೀಠಕ್ಕೆ ಮುಂದೆ ಬಂದ ರಾಬರ್ಟ್ ಟೇಲರರ ಕೊಠಡಿಯಲ್ಲಿ ಮೂರು ಟರ್ಮಿನಲ್ಲುಗಳಿದ್ದುವು. ಒಂದರಿಂದ ಸಾಂಟಾ ಮೋನಿಕದ ಯಂತ್ರದೊಡನೆ, ಮತ್ತೊಂದರಿಂದ ಬರ್ಕ್‌ಲಿಯದರೊಡನೆ, ಮೂರನೆಯದರಿಂದ ಎಂ. ಐ. ಟಿ. ವಿದ್ಯಾಸಂಸ್ಥೆಯದರೊಡನೆ ಮಾತ್ರ ವ್ಯವಹರಿಸಬಹುದಾಗಿತ್ತು. ಒಂದು ಟರ್ಮಿನಲ್ಲಿನಿಂದಲೇ ಎಲ್ಲವನ್ನೂ ಸೇರುವಂತಿರಬಾರದೇಕೆಂಬುದೇ ಟೇಲರರ ಪ್ರಶ್ನೆ. ೧೯೬೬ರಲ್ಲಿ ಅವರು ನಿರ್ದೇಶಕ ಹರ್ಟ್ಸ್‌ಫೆಲ್ಡರಿಂದ ಸುಮಾರು ಹತ್ತು ಲಕ್ಷ ಡಾಲರುಗಳನ್ನು ಪಡೆದು, ಲಾರೆನ್ಸ್ ರಾಬರ್ಟ್ಸ್ ಎಂಬವರನ್ನು ಈ ಕಾರ್ಯಕ್ಕೆ ನಿಯಮಿಸಿದರು.

ಇದೇ ಕಾಲದಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಎಂಬವರು, ಬಾರನ್ನರ ವರದಿಯನ್ನು ಅರಿಯದೆಯೇ, ೧೯೬೫ರಲ್ಲಿ ಆ ತತ್ತ್ವವನ್ನೇ ಕಂಡುಕೊಂಡು, ತುಂಡುಗಳಿಗೆ ‘ಪ್ಯಾಕೆಟ್’ ಎಂಬ ಹೆಸರನ್ನಿಟ್ಟರು. ಇವರ ಉದ್ದೇಶ ಯುದ್ಧವಲ್ಲ. ಹಲವರು ಒಂದೇ ತಂತಿಯನ್ನು ಮಿತವ್ಯಯದಿಂದ ಹಂಚಿಕೊಳ್ಳುವುದು. ೧೯೬೭ರ ಅಕ್ಟೋಬರಿನಲ್ಲಿ ಟೆನೆಸಿ ಪ್ರಾಂತದ ಗ್ಯಾಟ್ಲಿನ್‌ಬರ್ಗ್ ಎಂಬಲ್ಲಿ ನೆರೆದ ವಿದ್ವತ್ಸಭೆಯಲ್ಲಿ ರಾಬರ್ಟ್ಸರೂ, ಡೇವಿಸರ ಕಡೆಯ ಸ್ಕ್ಯಾಂಟಲ್‌ಬರಿಯವರೂ ತಮ್ಮ ತಮ್ಮ ಲೇಖನಗಳನ್ನು ಓದಿದರು. ಬಾರನ್ನರ ಕೃತಿಯತ್ತ ರಾಬರ್ಟ್ಸರ ಗಮನವನ್ನು ಸೆಳೆದವರೂ ಈ ಆಂಗ್ಲೇಯರೇ. ಆದುದರಿಂದ ಯುದ್ಧನಿಮಿತ್ತವಾದ ಗ್ರಂಥವು ಆರ್ಪಾನೆಟ್ಟಿನ ಸಂಕಲ್ಪವಾದ ಮೇಲೆ ಉಪಾಯವನ್ನು ಒದಗಿಸಿತೇ ಹೊರತು ಸಂಕಲ್ಪಕ್ಕೆ ಕಾರಣವಾಗಲಿಲ್ಲ.

೪

ಇನ್ನು ಜಾಲದ ರಚನೆಯಲ್ಲಿಯೇ ದೊರೆಯುವ ಅಂತಸ್ಸಾಕ್ಷ್ಯವನ್ನು ನೋಡಬೇಕು. ೧೯೬೯ರ ಅಕ್ಟೋಬರ್ ೨೯ರ ರಾತ್ರಿ ಹತ್ತೂವರೆ ಗಂಟೆಗೆ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗೆ ‘ಲಾಗಿನ್’ ಎಂಬ ಪದವನ್ನು ಕಳುಹಿಸಲು ತೊಡಗಿದರು. ‘ಎಲ್’, ‘ಓ’ ಎಂಬ ಎರಡು ಅಕ್ಷರಗಳು ತಲುಪುತ್ತಲೇ ಅತ್ತಣ ಯಂತ್ರವು ಕೆಟ್ಟು ನಿಂತಿತು. ಡಿಸೆಂಬರಿನ ಹೊತ್ತಿಗೆ ಸಾಂಟಾ ಬಾರ್ಬರ, ಯೂಟಾ ವಿಶ್ವವಿದ್ಯಾನಿಲಯಗಳೂ ಸೇರಿ ನಾಲ್ಕು ಗಂಟುಗಳಾದುವು. ನಾಲ್ಕೂ ವಿದ್ಯಾಸ್ಥಾನಗಳು, ಒಂದಾದರೂ ಕೋಟೆಯಲ್ಲ. ಯೂಟಾಕ್ಕೆ ಸ್ಟ್ಯಾನ್‌ಫರ್ಡಿನಿಂದ ಒಂದೇ ತಂತಿಯಿತ್ತು. ಅದು ಕಡಿದರೆ ಯೂಟಾ ಒಂಟಿ. ಇದು ಬಾಲ್ಯಾವಸ್ಥೆಯೆಂಬುದು ನಿಜವಾದರೂ, ದಾಳಿಯನ್ನು ತಾಳುವುದೇ ಪ್ರಥಮೋದ್ದೇಶವಾಗಿದ್ದರೆ ಬಾರನ್ನರ ಮೂರುನಾಲ್ಕು ಹಾದಿಗಳ ನಿಯಮವನ್ನು ಮೊದಲಿನಲ್ಲೇ ಹೀಗೆ ಬಿಡುತ್ತಿದ್ದರೆಂದು ನಂಬುವುದು ಕಷ್ಟ.

ಮತ್ತೊಂದು ಸಾಕ್ಷ್ಯವು ಇದಕ್ಕಿಂತಲೂ ಪ್ರಬಲ. ಜಾಲದ ನಿಯಮಗಳನ್ನು ಗೊತ್ತುಮಾಡುವ ಭಾರವು ಬಹುಮಟ್ಟಿಗೆ ವಿದ್ಯಾರ್ಥಿಗಳ ಮೇಲೆ ಬಿತ್ತು. ಅವರಲ್ಲೊಬ್ಬರಾದ ಸ್ಟೀವ್ ಕ್ರಾಕರ್ ೧೯೬೯ನೆಯ ಏಪ್ರಿಲ್ ೭ರಂದು ಮೊದಲನೆಯ ಟಿಪ್ಪಣಿಯನ್ನು ಬರೆದು, ಅದಕ್ಕೆ ಆಜ್ಞೆಯೆಂದಾಗಲಿ ಶಾಸನವೆಂದಾಗಲಿ ಹೆಸರಿಡದೆ, ‘ಅಭಿಪ್ರಾಯಗಳ ಯಾಚನೆ’ ಎಂಬರ್ಥದ ಹೆಸರನ್ನಿಟ್ಟರು. ವಾಕ್ಯಾರ್ಥಗೋಷ್ಠಿಯಲ್ಲಿ ಪ್ರಸಕ್ತಿಯುಳ್ಳವನು ಯಾವನಾದರೂ ಆಕ್ಷೇಪವನ್ನೆತ್ತಬಹುದಾದಂತೆ ಇಲ್ಲಿಯೂ ಬರೆಯಬಹುದಾಗಿತ್ತು. ಆ ಮಾಲೆಯು ಇಂದಿಗೂ ನಡೆದುಬಂದಿದೆ. ಸೈನ್ಯದ ಗುಟ್ಟಿನ ಯಂತ್ರವೊಂದು ಹೀಗೆ ಬಹಿರಂಗವಾಗಿ ಬೆಳೆಯುವುದು ಅಸಂಭವ.

೫

ಬಾಹ್ಯಸಾಕ್ಷ್ಯವು ಏಕಮುಖವಾಗಿಲ್ಲವೆಂಬುದನ್ನು ಮುಚ್ಚಿಡಬಾರದು. ಟೇಲರರೂ ಹರ್ಟ್ಸ್‌ಫೆಲ್ಡರೂ ಪರಮಾಣು ಯುದ್ಧದ ಕಥೆಯನ್ನು ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಆದರೆ ಅವರ ತರುವಾಯ ನಿರ್ದೇಶಕರಾದ ಸ್ಟೀಫನ್ ಲೂಕಾಸಿಕ್ ಎಂಬವರು ೨೦೧೧ರಲ್ಲಿ ಬರೆದ ಲೇಖನದಲ್ಲಿ, ಸೈನ್ಯದ ಆಜ್ಞಾನಿರ್ವಹಣೆಯೂ ಅಣ್ವಸ್ತ್ರಗಳ ಮೇಲಣ ಹತೋಟಿಯು ಅಳಿಯದಂತಿರುವುದೂ ಹಣವನ್ನು ಒದಗಿಸಿದವರ ಗುರಿಗಳಾಗಿದ್ದುವೆಂದು ಪ್ರತಿಪಾದಿಸಿದ್ದಾರೆ. ಈ ವಿರೋಧವನ್ನು ಪರಿಹರಿಸುವುದು ಅಸಾಧ್ಯವೇನಲ್ಲ. ದೇವಾಲಯವನ್ನು ಕಟ್ಟಿಸಿದ ದೊರೆಯ ಮನಸ್ಸಿನಲ್ಲಿ ವಿಜಯದ ಕೀರ್ತಿಯಿರಬಹುದು, ಶಿಲ್ಪಿಯ ಮನಸ್ಸಿನಲ್ಲಿ ಶಿಲ್ಪವೇ ಇರಬಹುದು. ದಾತೃವಿನ ಪ್ರಯೋಜನವೂ ಕರ್ತೃವಿನ ಪ್ರಯೋಜನವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಐತಿಹ್ಯದ ದೋಷವು ಸುಳ್ಳನ್ನು ಹೇಳಿದುದರಲ್ಲಿಲ್ಲ. ಎರಡು ಪ್ರಯೋಜನಗಳನ್ನೂ, ರ್‍ಯಾಂಡ್ ಆರ್ಪಾ ಎಂಬ ಎರಡು ಸಂಸ್ಥೆಗಳನ್ನೂ ಒಂದಾಗಿ ಕಲಸಿದುದರಲ್ಲಿದೆ.

೬

ಆರ್ಪಾನೆಟ್ಟೇ ಇಂಟರ್‌ನೆಟ್ಟೆಂಬುದು ಮತ್ತೊಂದು ಭ್ರಮೆ. ಮೊದಲನೆಯದು ಒಂದು ಜಾಲ. ಎರಡನೆಯದು ಜಾಲಗಳ ಜಾಲ. ತಂತಿಯ ಜಾಲ, ರೇಡಿಯೋ ಜಾಲ, ಉಪಗ್ರಹದ ಜಾಲ ಎಂದು ಬಗೆಬಗೆಯವು ಹುಟ್ಟಿಕೊಳ್ಳಲು, ಒಂದೊಂದೂ ತನ್ನ ಪದ್ಧತಿಯನ್ನು ಬಿಡದೆಯೇ ಪರಸ್ಪರ ವ್ಯವಹರಿಸುವ ಮಾರ್ಗವನ್ನು ರಾಬರ್ಟ್ ಕಾನ್, ವಿಂಟನ್ ಸರ್ಫ್ ಎಂಬಿಬ್ಬರು ೧೯೭೪ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಫ್ರಾನ್ಸಿನ ಲೂಯಿ ಪೂಝಾಂ ಎಂಬವರ ‘ಸಿಕ್ಲಾಡ್’ ಜಾಲದಿಂದಲೂ ಇವರು ಪ್ರೇರಣೆಯನ್ನು ಪಡೆದರು. ೧೯೭೭ರ ನವೆಂಬರ್ ೨೨ರಂದು ಮೂರು ಬಗೆಯ ಜಾಲಗಳ ಮೂಲಕ ಸಂದೇಶವನ್ನು ಹಾಯಿಸಿ ತೋರಿಸಲಾಯಿತು. ೧೯೮೩ನೆಯ ಜನವರಿ ೧ರಂದು ಆರ್ಪಾನೆಟ್ಟು ತನ್ನ ಹಳೆಯ ನಿಯಮವನ್ನು ತ್ಯಜಿಸಿ ಈ ಹೊಸ ‘ಟಿ.ಸಿ.ಪಿ.–ಐ.ಪಿ.’ ನಿಯಮವನ್ನು ಸ್ವೀಕರಿಸಿತು. ೧೯೮೮ರಲ್ಲಿ ಡೇವಿಡ್ ಕ್ಲಾರ್ಕ್ ಎಂಬವರು ಈ ರಚನೆಯ ಉದ್ದೇಶಗಳನ್ನು ಕ್ರಮವಾಗಿ ಎಣಿಸುವಾಗ, ಜಾಲಗಳನ್ನು ಕೂಡಿಸುವುದನ್ನು ಮುಖ್ಯವೆಂದೂ, ಭಾಗಗಳು ನಷ್ಟವಾದರೂ ವ್ಯವಹಾರವು ನಿಲ್ಲದಿರುವುದನ್ನು ಅದಕ್ಕೆ ಅಂಗವಾದವುಗಳಲ್ಲಿ ಮೊದಲನೆಯದೆಂದೂ ಹೇಳಿರುವರು. ಐತಿಹ್ಯದಲ್ಲಿರುವ ಸತ್ಯಾಂಶಕ್ಕೆ ಇದೇ ಸರಿಯಾದ ಸ್ಥಾನ.

ಮುಂದಿನ ಕಥೆಯನ್ನು ಸಂಗ್ರಹವಾಗಿ ಹೇಳಿದರೆ ಸಾಕು. ಭಾರತದಲ್ಲಿ ೧೯೮೬ರಲ್ಲಿ ‘ಎರ್ನೆಟ್’ ಎಂಬ ವಿದ್ಯಾಜಾಲದ ಯೋಜನೆಯು ಮೊದಲಾಯಿತು. ಅದರಲ್ಲಿ ಸೇರಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಇಲ್ಲಿಯೂ ಜಾಲವು ಪಾಠಶಾಲೆಗಳ ಬಾಗಿಲಿನಿಂದಲೇ ಒಳಹೊಕ್ಕಿತೆಂಬುದು ಗಮನಾರ್ಹ. ೧೯೯೦ರಲ್ಲಿ ಆರ್ಪಾನೆಟ್ಟು ನಿಂತಿತು. ೧೯೯೫ನೆಯ ಆಗಸ್ಟ್ ೧೫ರಂದು ಭಾರತದ ಸಾಮಾನ್ಯ ಜನರಿಗೂ ಇಂಟರ್‌ನೆಟ್ಟು ದೊರೆಯಿತು.

ಭಯದಿಂದ ಹುಟ್ಟಿದ ಧನವು ಜಿಜ್ಞಾಸುಗಳ ಕೈಸೇರಿ, ಹಂಚಿಕೊಳ್ಳುವ ಬಯಕೆಯಿಂದ ರೂಪುಗೊಂಡುದೇ ಇಂಟರ್‌ನೆಟ್ಟೆಂದು ಮೇಲ್ಕಂಡ ವಿಮರ್ಶೆಯಿಂದ ಸಿದ್ಧವಾಗುತ್ತದೆ. ಯುದ್ಧವೊಂದನ್ನೇ ಅದರ ತಾಯಿಯೆಂದರೆ, ಆಕ್ಷೇಪಕ್ಕೆ ಅವಕಾಶವಿತ್ತು ನಿಯಮಗಳನ್ನು ಬರೆದ ವಿದ್ಯಾರ್ಥಿಗಳ ಋಣವು ಮರೆತುಹೋಗುತ್ತದೆ. ಆ ಋಣವನ್ನು ನೆನೆಯುವುದು ಇತಿಹಾಸವನ್ನು ಬೋಧಿಸುವವರ ಕರ್ತವ್ಯ.